ರಜೆಯ ಹಾವು

ನಾನು ಹಾವಿನವಳಲ್ಲ, ಸೌಟಿನವಳು.
ಡಂಡೀ ಊರಿನ ಗುಡ್ಡದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ
ಮಕ್ಕಳ ತಟ್ಟೆಗೆ ಬಟಾಣಿ, ಆಲೂ, ಹಳದಿ ಕಸ್ಟರ್ಡು ಸುರಿದವಳು.
ಹಾವಿಗೂ ಅದೇ ಹೆಸರಿಟ್ಟಿವೆ ಮುಂಡೇವು: ಕಸ್ಟರ್ಡ್.

ಕ್ರಿಸ್‌ಮಸ್ ರಜೆಗೆ ಶಾಲೆಯ ಬಾಯ್ಲರ್ ಆರಿಸುತ್ತಾರೆ.
ಯಾರು ಒಯ್ಯುತ್ತೀರಿ ಎಂದಾಗ ಟೀಚರುಗಳೆಲ್ಲ
ತಮ್ಮ ತಮ್ಮ ಬೂಟು ನೋಡಿಕೊಂಡರು.
ನನ್ನ ಕೈ ಯಾಕೆ ಮೇಲೆದ್ದಿತೋ, ಆ ಕೈಯನ್ನೇ ಕೇಳಬೇಕು.

ಈಗ ನಾಲ್ಕನೇ ಮಹಡಿಯಲ್ಲಿ, ನನ್ನ ಅಡುಗೆಮನೆಯ ಮೇಜಿನ ಮೇಲೆ
ಗಾಜಿನ ಪೆಟ್ಟಿಗೆ; ಅಡಿಯಲ್ಲಿ ರೊಟ್ಟಿಯಗಲದ ಬಿಸಿಹಾಸು.
ಎಡಕ್ಕೆ ಇಪ್ಪತ್ತೊಂಬತ್ತು ಡಿಗ್ರಿ, ಬಲಕ್ಕೆ ಇಪ್ಪತ್ಮೂರು,
ನಡುವೆ ಒಂದು ಮರದ ತೊಗಟೆ, ಒಂದು ಬಟ್ಟಲು ನೀರು.
ಬೇಕಾದಾಗ ಬೇಸಿಗೆಗೆ ತೆವಳು, ಸಾಕಾದಾಗ ನೆರಳಿಗೆ.
ಮೂರೇ ಅಡಿಯಲ್ಲಿ ಎರಡು ಋತು.
ನನ್ನ ಇಡೀ ಮನೆಗೆ ಒಂದೇ.

ಗೋಡೆಯ ಮೀಟರು ಮುಂಗಡ ಕೇಳುವ ಬಗೆಯದು.
ರಾತ್ರಿ ಕರೆಂಟು ಕಡಿಯುವುದಿಲ್ಲ, ಪುಣ್ಯಾತ್ಮ,
ಸುಮ್ಮನೆ ಸಾಲ ಬರೆದುಕೊಳ್ಳುತ್ತದೆ,
ಬೆಳಗ್ಗೆ ಹಾಕಿದ ಮೊದಲ ಹಣದಲ್ಲೇ ಮುರಿದುಕೊಳ್ಳುತ್ತದೆ.
ಅದಕ್ಕೇ ಕೋಣೆಯ ಹೀಟರ್ ಆರಿಸಿ, ಕೋಟು ತೊಟ್ಟು ಕೂತೆ.
ಹಾವೂ ಸಾಯಬಾರದು, ಮೀಟರೂ ಮುಗಿಯಬಾರದು.

ಮಕ್ಕಳು ಕೊಟ್ಟ ಹಾಳೆ ಫ್ರಿಜ್ಜಿನ ಬಾಗಿಲ ಮೇಲಿದೆ.
"ಮಿಸೆಸ್ ಸೆಂಗಾ ಪೆಟ್ರಿಯವರಿಗೆ ಸೂಚನೆಗಳು."
ಎಲ್ಲರದೂ ಓರೆ ಅಕ್ಷರ; ಲಾಕ್ಲನ್‌ನದು ಮಾತ್ರ ಮಳೆಗೆ ಸಿಕ್ಕ ಇರುವೆಸಾಲು:
"ಚಳಿಯಾದರೆ ಇಲಿ ಕೊಡಬೇಡಿ. ಹೊಟ್ಟೆಯಲ್ಲೇ ಕೊಳೆಯುತ್ತೆ.
ಕಸ್ಟರ್ಡ್ ತಾನೇ ಬಿಸಿ ಮಾಡಿಕೊಳ್ಳಲ್ಲ. ಕಡ ತಗೊಳ್ಳುತ್ತೆ."
ಕಡ ಅಂದರೇನೆಂದು ಈ ಬೀದಿಯ ಮಕ್ಕಳಿಗೆ
ಯಾರೂ ಕಲಿಸಬೇಕಿಲ್ಲ.

ಎರಡೂಕಾಲಿಗೆ ಟೇ ನದಿಯ ಕಡೆಯಿಂದ ಗಾಳಿ ಎದ್ದಿತು.
ಕಿಟಕಿ ಹಲ್ಲು ಕಡಿಯಿತು. ಬೀದಿದೀಪ ಹೋಯಿತು,
ಫ್ರಿಜ್ಜಿನ ಗೊಣಗಾಟ ಹೋಯಿತು, ಪೆಟ್ಟಿಗೆಯ ಕೆಂಪು ಅಂಕಿ ಹೋಯಿತು.
ಮೀಟರು ಕೂಡ ಸಾಲ ಬರೆಯುವುದನ್ನು ಬಿಟ್ಟಿತು.
ಅಷ್ಟು ನಿಶ್ಶಬ್ದವನ್ನು ಈ ಮನೆಯಲ್ಲಿ ನಾನು ಕೇಳಿರಲಿಲ್ಲ.

ಗ್ಯಾಸು ಇತ್ತು. ಕಡ್ಡಿ ಗೀರಿದೆ. ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿ
ಟವೆಲ್ ಸುತ್ತಿ ಒಳಗಿಟ್ಟೆ. ನನ್ನ ರಗ್ಗನ್ನು ಪೆಟ್ಟಿಗೆಗೆ ಹೊದಿಸಿದೆ,
ಉಸಿರಾಡುವ ತೂತು ಬಿಟ್ಟು.
ಅರ್ಧ ಗಂಟೆಯ ಮಾತು, ಅಷ್ಟೇ. ಚೀಲ ಸೋರತೊಡಗಿತು.
ಹಳೆಯದು. ನನಗಿಂತ ಎರಡು ವರ್ಷ ಚಿಕ್ಕದಿರಬಹುದು.

ಆಮೇಲೆ ಮಾಡಿದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳುವುದಿಲ್ಲ.
ದಿಂಬಿನ ಗವಸಿನಲ್ಲಿ ಅದನ್ನು ಎತ್ತಿಕೊಂಡು
ಸ್ವೆಟರಿನ ಒಳಗೆ, ಹೊಟ್ಟೆಗೆ ತಾಗಿಸಿ, ಕುರ್ಚಿಯಲ್ಲಿ ಮುದುರಿದೆ.
ಮೊದಲು ಅದೊಂದು ತಣ್ಣನೆಯ ಹಗ್ಗ, ಆಗಷ್ಟೇ ತೊಳೆದ ಚಮಚಗಳ ಸರ.
ಬರಬರುತ್ತಾ ಒಂದೊಂದೇ ಸುತ್ತು ಸಡಿಲಾಗಿ,
ನನ್ನ ಉಸಿರು ಎಲ್ಲಿ ಏರಿಳಿಯುತ್ತದೋ ಅಲ್ಲೇ ಜಾಗ ಹಿಡಿಯಿತು.
ಎದುರುಮನೆಯ ಯಡ್ವಿಗಾ ಮೇಣದಬತ್ತಿ ಕೇಳಲು ಬಂದಳು,
ನನ್ನ ಸ್ವೆಟರು ತಾನಾಗಿಯೇ ಹೊರಳಿದ್ದನ್ನು ಟಾರ್ಚಿನಲ್ಲಿ ನೋಡಿದಳು,
ಬತ್ತಿ ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಹೋದಳು.

ಪ್ರೀತಿಯಲ್ಲ ಅದು. ಅಷ್ಟು ದಡ್ಡಿಯಲ್ಲ ನಾನು.
ಚಳಿ ಕಾಯಿಸಲು ಕೂತವರು ಒಲೆಯನ್ನು ಪ್ರೀತಿಸುತ್ತಾರೆಯೇ?
ಆದರೂ ನಾನು ಒಲೆಯಾಗಿ
ಬಹಳ ದಿನವಾಗಿತ್ತು.

ಆರಕ್ಕೆ ದೀಪ ಬಂತು. ಫ್ರಿಜ್ಜು ಕೆಮ್ಮಿತು. ಕೆಂಪು ಅಂಕಿ: ಹದಿನಾರು.
ಇಪ್ಪತ್ತೆಂಟು ಮುಟ್ಟುವವರೆಗೆ ಕಾದು, ಒಳಗೆ ಬಿಟ್ಟೆ.
ತಿರುಗಿಯೂ ನೋಡಲಿಲ್ಲ; ನೇರ ತೊಗಟೆಯ ಕೆಳಗೆ.

ಹಾಳೆಯ ಕೊನೆಯಲ್ಲಿ ದಿನಕ್ಕೊಂದು ಸಾಲು, ಪ್ರಶ್ನೆಗೊಂದು ಚೌಕ.
"ರಾತ್ರಿಯೆಲ್ಲಾ ಹೀಟರ್ ಚಾಲೂ ಇತ್ತೇ?"
ಹೌದು ಎಂದು ಗುರುತು ಹಾಕಿದೆ.
"ಮುಟ್ಟಿದ ಮೇಲೆ ಕೈ ತೊಳೆದಿರಾ?"
ಆ ಚೌಕ ಹಾಗೇ ಇರಲಿ.
ಮೊದಲು ಚಹಾ.